ಗೂಟ ಹಿಡಿದವರ ಸಭೆ

ರಾಯಬಾಗದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಟೈಪ್ ಮಾಡುವ ಕೆಲಸದಲ್ಲಿದ್ದೇನೆ. ಲಗ್ನಪತ್ರಿಕೆ, ವಾಸ್ತುಶಾಂತಿಯ ಕಾರ್ಡು, ತೀರಿಕೊಂಡವರ ಫೋಟೊದ ಬ್ಯಾನರು, ಎಲ್ಲವನ್ನೂ ಕನ್ನಡದಲ್ಲೂ ಮರಾಠಿಯಲ್ಲೂ ಮಾಡಿಕೊಡುತ್ತೇನೆ. ಇಂಗ್ಲಿಷ್ ಓದಲು ಬರುತ್ತದೆ. ಅರ್ಥವಾಗದ ಕಡೆ ಫೋನಿನಲ್ಲಿ ನಿಘಂಟು ಇದೆ. ಇಷ್ಟು ಸಾಕು ಎಂದು ನಾನೂ ನಂಬಿದ್ದೆ, ನಮ್ಮ ಮಾಲಕರೂ ನಂಬಿದ್ದರು.

ಎರಡು ವರ್ಷದ ಹಿಂದೆ ಪುಣೆ ಕಡೆಯ ಒಂದು ಕಂಪನಿಯವರು ಪ್ರೆಸ್ಸಿಗೆ ಬಂದರು. ಬಂದವರು ಮೂವತ್ತರ ಆಸುಪಾಸಿನ ಒಬ್ಬರೇ, ಆದರೆ ಮಾತೆತ್ತಿದರೆ ‘ನಾವು, ನಾವು’ ಎನ್ನುತ್ತಿದ್ದರು. ದಿಗ್ಗೇವಾಡಿಯಲ್ಲಿ ಎಮ್ಮೆ ಸಾಕುವವರ ಸಭೆ ಕರೆದಿದ್ದರು. ಅದಕ್ಕೆ ಕನ್ನಡದ ಕರಪತ್ರ ಬೇಕಿತ್ತು. ಇಂಗ್ಲಿಷಿನ ಒಂದು ಹಾಳೆ ಕೊಟ್ಟು, ಇದನ್ನೇ ಕನ್ನಡಕ್ಕೆ ತಿರುಗಿಸಿ, ಒಂದು ಶಬ್ದವೂ ಬಿಡಬಾರದು, ಹೆಡ್ ಆಫೀಸಿನ ಕಟ್ಟಪ್ಪಣೆ ಎಂದರು.

ನಿಮ್ಮ ಕಂಪನಿ ಏನು ಮಾಡುತ್ತದೆ ಎಂದು ಕೇಳಿದೆ. ಅವರು ಮರಾಠಿಯಲ್ಲಿ ಬಹಳ ಹೊತ್ತು ಹೇಳಿದರು. ಆ ಮರಾಠಿಯಲ್ಲಿ ಇಕೋಸಿಸ್ಟಮ್ ಇತ್ತು, ಸಿನರ್ಜಿ ಇತ್ತು, ಟ್ರಾನ್ಸ್‌ಫಾರ್ಮೇಶನ್ ಇತ್ತು. ಮರಾಠಿ ಎಂಬುದು ವಾಕ್ಯದ ಕೊನೆಯ ‘ಆಹೇ’ ಒಂದೇ. ನಾನು ತಲೆ ಆಡಿಸಿದೆ. ಮಾಲಕರೂ ಆಡಿಸಿದರು. ಅವರು ಹೋದ ಮೇಲೆ ಮಾಲಕರು ನನ್ನನ್ನು ಕೇಳಿದರು, ಇವರು ಮಾರುವುದು ಹಿಂಡಿಯೋ ಔಷಧವೋ ಎಂದು. ನನಗೂ ಗೊತ್ತಿರಲಿಲ್ಲ.

ಆದರೂ ಕೂತು ಮಾಡಿದೆ. ‘ಸೀಮ್‌ಲೆಸ್’ ಎಂಬುದಕ್ಕೆ ನಿಘಂಟು ‘ಹೊಲಿಗೆ ಇಲ್ಲದ’ ಎಂದಿತು, ಹಾಗೆಯೇ ಹಾಕಿದೆ. ‘ಎಂಡ್ ಟು ಎಂಡ್’ ಎಂಬುದನ್ನು ‘ಕೊನೆಯಿಂದ ಕೊನೆಯವರೆಗೆ’ ಎಂದು ಮಾಡಿದ್ದಕ್ಕೆ ಮಾಲಕರು, ಇದು ಶ್ರದ್ಧಾಂಜಲಿ ಬ್ಯಾನರಿನ ಹಾಗೆ ಕೇಳುತ್ತದೆ ಎಂದು ‘ತುದಿಯಿಂದ ತುದಿಯವರೆಗೆ’ ಎಂದು ತಿದ್ದಿಸಿದರು. ‘ಪೇನ್ ಪಾಯಿಂಟ್’ ಸುಲಭವಿತ್ತು, ನೋವಿನ ಜಾಗ. ‘ಸೊಲ್ಯೂಷನ್’ ಅಂದರೆ ಪರಿಹಾರ. ‘ಸ್ಟೇಕ್‌ಹೋಲ್ಡರ್’ ಮಾತ್ರ ನಿಘಂಟಿನಲ್ಲಿ ಇಡಿಯಾಗಿ ಸಿಗಲಿಲ್ಲ. ಒಡೆದು ನೋಡಿದರೆ ಸ್ಟೇಕ್ ಅಂದರೆ ಗೂಟ, ಹೋಲ್ಡರ್ ಅಂದರೆ ಹಿಡಿದವನು. ಎಮ್ಮೆಯ ವಿಷಯವಾದ್ದರಿಂದ ನನಗೆ ಅದು ಸರಿಯಾಗಿಯೇ ಕಂಡಿತು.

ಹಾಗಾಗಿ ಕರಪತ್ರದಲ್ಲಿ ಹೀಗೆ ಅಚ್ಚಾಯಿತು: ‘ನಿಮ್ಮ ನೋವಿನ ಜಾಗಗಳನ್ನು ಗುರುತಿಸಿ, ತುದಿಯಿಂದ ತುದಿಯವರೆಗೆ, ಹೊಲಿಗೆ ಇಲ್ಲದ ಪರಿಹಾರ ನೀಡಲಾಗುವುದು. ಗೂಟ ಹಿಡಿದವರೆಲ್ಲ ತಪ್ಪದೆ ಬರಬೇಕು.’ ಹಾಲಿನ ಡೇರಿಯಲ್ಲಿ ಕ್ಯಾನು ತಂದವರಿಗೆಲ್ಲ ಒಂದೊಂದು ಕೊಟ್ಟರಂತೆ.

ಸಭೆಯ ದಿನ ಕನ್ನಡದಲ್ಲಿ ತಿಳಿಸಿ ಹೇಳಲು ಯಾರಾದರೂ ಬೇಕು ಎಂದು ಅವರು ಕೇಳಿದ್ದರಿಂದ ಮಾಲಕರು ನನ್ನನ್ನೇ ಕಳಿಸಿದರು. ಸಮುದಾಯ ಭವನ ತುಂಬಿ, ಬಾಗಿಲಲ್ಲೂ ಜನ ನಿಂತಿದ್ದರು. ಕಂಪನಿಯವರ ಮುಖ ಅರಳಿತು. ಎಂಗೇಜ್‌ಮೆಂಟ್ ಜೋರಾಗಿದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಯಾರದೋ ನಿಶ್ಚಿತಾರ್ಥ ಎಂದುಕೊಂಡೆ.

ಜನರನ್ನು ನೋಡುತ್ತ ಹೋದ ಹಾಗೆ ನನ್ನ ಕರಪತ್ರ ಏನು ಮಾಡಿದೆ ಎಂದು ತಿಳಿಯತೊಡಗಿತು. ಮುಂದಿನ ಸಾಲಿನಲ್ಲಿ ಮುದುಕಿಯರೇ ಕೂತಿದ್ದರು. ಒಬ್ಬಾಕೆ ಮೊಣಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ನೋವಿನ ಜಾಗ ಗುರುತಿಸಲು ತಯಾರಾಗಿದ್ದಳು. ಹೊಲಿಗೆ ಇಲ್ಲದ ಪರಿಹಾರ ಎಂದರೆ ಆಪರೇಶನ್ ಇಲ್ಲ, ಬರೀ ಸೂಜಿ ಎಂದು ಆಕೆ ಪಕ್ಕದವಳಿಗೆ ಬಿಡಿಸಿ ಹೇಳುತ್ತಿದ್ದಳು. ನಡುವಿನ ಸಾಲುಗಳಲ್ಲಿ ಕೃಷ್ಣೆ ಏರಿದ ವರ್ಷ ಗೋಡೆ ಬಿದ್ದವರು ಪಾಸ್‌ಬುಕ್ಕು, ಆಧಾರ್ ಝೆರಾಕ್ಸು ಹಿಡಿದು ಕೂತಿದ್ದರು. ಪರಿಹಾರ ಎಂಬ ಒಂದೇ ಶಬ್ದ ಅವರನ್ನು ಎಳೆದು ತಂದಿತ್ತು. ಬಾಗಿಲ ಹತ್ತಿರ ರುಮಾಲಿನ ಒಬ್ಬ ಅಜ್ಜ ನಿಜವಾಗಿಯೂ ಒಂದು ಗೂಟ ಹಿಡಿದು ನಿಂತಿದ್ದ. ಇದು ಯಾಕೆ ಎಂದು ಕೇಳಿದ್ದಕ್ಕೆ ಅವನು, “ಹಿಡದವರ ಬರಬೇಕಂತ ಬರದಿತ್ತಲ್ರಿ, ಅದಕ್ಕ ಕಿತ್ತಕೊಂಡ ಬಂದೇನಿ,” ಎಂದ. ಎಮ್ಮೆಯನ್ನು ಎಲ್ಲಿ ಕಟ್ಟಿದ್ದಾನೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಂಪನಿಯವರು ಪರದೆಯ ಮೇಲೆ ಚಿತ್ರ ತೋರಿಸಿದರು. ಒಂದು ವರ್ತುಲ, ಅದರಿಂದ ಬಾಣ, ಬಾಣದ ತುದಿಗೆ ಇನ್ನೊಂದು ವರ್ತುಲ. ಎಂಟನೆಯ ವರ್ತುಲಕ್ಕೆ ಮೊಣಕಾಲಿನ ಆಯಿ ಕೈ ಎತ್ತಿದಳು.

“ತಮ್ಮಾ, ಬರೇ ಚಕ್ಕಲಿ ತೋರಸಾಕತ್ತೀದಿ. ಆ ಡಬ್ಬ್ಯಾಗ ಏನೈತಿ ಅದನ್ನರ ಹೇಳು.”

ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿ ಇತ್ತು. ಅವರು ಅದನ್ನು ಮುಟ್ಟಿ, ಇದು ಡೇಟಾ ಆಧಾರಿತ ನೆಕ್ಸ್ಟ್ ಜನರೇಶನ್ ಪ್ಲಾಟ್‌ಫಾರ್ಮ್ ಎಂದು ಶುರು ಮಾಡಿ, ನಿಲ್ಲಿಸಿ, ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ ಹೇಳಬೇಕಿತ್ತು. ಪ್ಲಾಟ್‌ಫಾರ್ಮ್ ಎಂದರೆ ಇವರು ಎದ್ದು ರೇಲ್ವೆ ಸ್ಟೇಶನ್ನಿಗೆ ಹೋಗಿಬಿಟ್ಟಾರು ಎನಿಸಿತು. ನಾನು ಮೆಲ್ಲಗೆ ಅವರ ಹತ್ತಿರ ಸರಿದು, ಇದನ್ನು ಮನೆಯಲ್ಲಿ ನಿಮ್ಮ ತಾಯಿಗೆ ಏನೆಂದು ಹೇಳಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದೆ.

ಅವರ ಕಿವಿ ಕೆಂಪಾಯಿತು. ತಮ್ಮ ತಾಯಿ ಓಣಿಯವರಿಗೆಲ್ಲ ನನ್ನ ಮಗ ಎಮ್ಮೆಯ ಪಟ್ಟಾ ಮಾರುತ್ತಾನೆ ಎಂದು ಹೇಳುತ್ತಾಳೆ, ತಾವು ಪ್ರತಿ ಸಲ ಹಾಗಲ್ಲ ಎಂದು ತಿದ್ದುವುದಾಗಿ ಹೇಳಿದರು. ಆ ಪಟ್ಟಾ ಏನು ಮಾಡುತ್ತದೆ ಎಂದು ಕೇಳಿದೆ. ಮೊದಲ ಸಲ ಅವರ ಬಾಯಿಂದ ಪೂರ್ತಿ ಮರಾಠಿ ಬಂತು. ನಾನು ಸಭೆಯ ಕಡೆ ತಿರುಗಿದೆ.

“ಇದು ಎಮ್ಮಿ ಕೊರಳಿಗೆ ಕಟ್ಟೂ ಪಟ್ಟಾ ಐತ್ರಿ. ಎಮ್ಮಿ ಬೆದಿಗೆ ಬಂದ್ರ ನಿಮ್ಮ ಫೋನಿಗೆ ಸುದ್ದಿ ಮುಟ್ಟಸತೈತಿ.”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಎಮ್ಮೆ ಹೊಳೆಗೆ ಇಳಿದರೆ ಪಟ್ಟಾ ಕೆಡುತ್ತದೆಯೋ, ಎಮ್ಮೆ ಮನೆಯಲ್ಲಿದ್ದು ಫೋನು ಸಕ್ಕರೆ ಕಾರ್ಖಾನೆಯಲ್ಲಿರುವ ಮಗನ ಜೇಬಿನಲ್ಲಿದ್ದರೆ ಏನು ಗತಿ, ಸದ್ದಿಲ್ಲದೆ ಬೆದೆಗೆ ಬರುವ ಎಮ್ಮೆಯೂ ಇದಕ್ಕೆ ತಿಳಿಯುತ್ತದೆಯೋ. ಪಾಸ್‌ಬುಕ್ಕಿನವರಲ್ಲಿ ಅರ್ಧ ಜನ ಬೈದುಕೊಂಡು ಎದ್ದು ಹೋದರು, ಉಳಿದರ್ಧ ಪಾಸ್‌ಬುಕ್ಕನ್ನು ಅಂಗಿಯೊಳಗೆ ಇಟ್ಟು ಮುಂದೆ ಬಂದರು. ಅವರ ಮನೆಯಲ್ಲೂ ಎಮ್ಮೆ ಇತ್ತಲ್ಲ.

ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ಗೂಟದ ಅಜ್ಜ ಕೇಳಿದ. ಬೆದೆಗೆ ಬಂದ ಎಮ್ಮೆ ನಿಂತಲ್ಲಿ ನಿಲ್ಲುವುದಿಲ್ಲ, ಪಟ್ಟಾ ಆ ಚಡಪಡಿಕೆಯನ್ನು ಅಳೆಯುತ್ತದೆ ಎಂದು ಕಂಪನಿಯವರು ವಿವರಿಸಿದರು. ಹುಮ್ಮಸ್ಸು ಬಂದಿತ್ತು. ಪಟ್ಟಾವನ್ನು ತಮ್ಮ ಕೊರಳಿಗೇ ಕಟ್ಟಿಕೊಂಡು ವೇದಿಕೆಯ ಮೇಲೆ ಆಚೆ ಈಚೆ ಓಡಾಡಿ, ನಾಲ್ಕು ಸಲ ಕುಣಿದು ತೋರಿಸಿದರು. ಮೇಜಿನ ಮೇಲಿದ್ದ ಅವರ ಫೋನು ಗಂಟೆ ಬಾರಿಸತೊಡಗಿತು. ಎಷ್ಟು ಒತ್ತಿದರೂ ನಿಲ್ಲಲಿಲ್ಲ.

ಮೊಣಕಾಲಿನ ಆಯಿ ಗಂಭೀರವಾಗಿ ಹೇಳಿದಳು: “ಮಶೀನ್ ಖರೇ ಹೇಳಾಕತ್ತೈತಿ ತಮ್ಮಾ. ನಿಮ್ಮವ್ವಗ ಹೇಳು, ಲಗೂನ ಒಂದು ಹೆಣ್ಣು ನೋಡ್ಲಿ.”

ಭವನ ಬಿದ್ದು ಬಿದ್ದು ನಕ್ಕಿತು. ಮುದುಕಿಯರು ಸೆರಗು ಬಾಯಿಗೆ ಒತ್ತಿಕೊಂಡರು. ಆಕೆ ಏನಂದಳು ಎಂದು ಕಂಪನಿಯವರು ನನ್ನನ್ನು ಕೇಳಿದರು. ಫೀಡ್‌ಬ್ಯಾಕ್ ಚೆನ್ನಾಗಿದೆ ಎಂದಷ್ಟೇ ಹೇಳಿದೆ. ಅವರು ಕೈಮುಗಿದರು. ಅದಕ್ಕೆ ಜನ ಇನ್ನಷ್ಟು ನಕ್ಕರು.

ಅಂದು ಡಬ್ಬಿಯಲ್ಲಿದ್ದ ಪಟ್ಟಾಗಳೆಲ್ಲ ಖರ್ಚಾದವು. ಆಮೇಲೆ ಕಂಪನಿಯವರು ಪ್ರೆಸ್ಸಿಗೆ ಬಂದು ಕರಪತ್ರ ಹೊಸದಾಗಿ ಮಾಡಿಕೊಡಿ, ಸಭೆಯಲ್ಲಿ ಹೇಳಿದ ಆ ಮಾತನ್ನೇ ಹಾಕಿ ಎಂದರು. ಹಾಕಿದೆ. ಆದರೆ ಹೆಡ್ ಆಫೀಸಿನವರು ಒಪ್ಪಲಿಲ್ಲ. ಇದರಲ್ಲಿ ವಿಷನ್ ಇಲ್ಲ, ಮೊದಲಿನದೇ ಇರಲಿ ಎಂದು ಬರೆದರಂತೆ. ಅವರು ಪೆಚ್ಚುಮೋರೆ ಹಾಕಿಕೊಂಡು ಕೂತಾಗ ಮಾಲಕರೇ ದಾರಿ ಹುಡುಕಿದರು. ಹಾಳೆಯ ಒಂದು ಬದಿಗೆ ಅವರ ಇಂಗ್ಲಿಷ್ ಇದ್ದ ಹಾಗೆ, ಇನ್ನೊಂದು ಬದಿಗೆ ನಮ್ಮ ಕನ್ನಡ. ಹೆಡ್ ಆಫೀಸಿನಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಹೆಡ್ ಆಫೀಸಿನಿಂದ ನನ್ನ ಹೆಸರಿಗೆ ಒಂದು ಪ್ರಶಸ್ತಿಪತ್ರ ಬಂತು. ಇಂಗ್ಲಿಷಿನ ಆಶಯಕ್ಕೆ ಕಿಂಚಿತ್ತೂ ಕುಂದು ಬಾರದಂತೆ ಕನ್ನಡಕ್ಕೆ ತಂದಿದ್ದಕ್ಕಾಗಿ ಎಂದು ಅದರಲ್ಲಿತ್ತು. ಮಾಲಕರು ಅದಕ್ಕೆ ಕಟ್ಟು ಹಾಕಿಸಿ, ಲಗ್ನಪತ್ರಿಕೆಯ ಮಾದರಿಗಳ ಪಕ್ಕ ತೂಗುಹಾಕಿದ್ದಾರೆ. ನೋಡಿದವರಲ್ಲಿ ಇಬ್ಬರು ಈಗಾಗಲೇ ಅಂಥದ್ದೇ ಕಾರ್ಡು ನಮಗೂ ಬೇಕು, ಅಂಚಿನ ಬಳ್ಳಿ ಚಂದ ಇದೆ ಎಂದು ಕೇಳಿದ್ದಾರೆ.