ವಾರೆ ಮುಚ್ಚಳದ ಛಾಪು

ನನಗೀಗ ಎಲ್ಲೆಲ್ಲೂ ಬಾಣ ಕಾಣುವ ಕಾಯಿಲೆ ಅಂಟಿಕೊಂಡಿದೆ. ಅಂಟಿಸಿದವಳು ನನ್ನ ಸೊಸೆ ಪಲ್ಲವಿ. ಸೊಲ್ಲಾಪುರದ ನಮ್ಮ ಚಾದರಿನ ಅಂಗಡಿಗೆ ಬಂದ ಕೊರಿಯರ್ ಪೊಟ್ಟಣವೊಂದನ್ನು ಹಿಡಿದು, ಕಂಪನಿಯ ಇಂಗ್ಲಿಷ್ ಹೆಸರಿನಲ್ಲಿ ‘ಇ’ ಮತ್ತು ‘ಎಕ್ಸ್’ ನಡುವಿನ ಬಿಳಿ ಜಾಗ ನೋಡಿ ಎಂದಳು. ನೋಡಿದೆ. ಬಾಣ! ಇಷ್ಟು ವರ್ಷ ಅಂಥವೇ ಪೊಟ್ಟಣ ಹರಿದು ಬಿಸಾಕಿದ ನನಗೆ ಕಣ್ಣಿದ್ದವೋ ಇಲ್ಲವೋ.

ಅಂದಿನಿಂದ ನೆಮ್ಮದಿ ಹಾಳು. ಮನೆಬಾಗಿಲಿಗೆ ಸಾಮಾನು ತರುವ ಕಂಪನಿಯ ಹೆಸರಿನಡಿಯ ನಗು, ‘ಎ’ಯಿಂದ ‘ಜೆಡ್’ವರೆಗೆ ಹೋಗುವ ಬಾಣವೂ ಹೌದಂತೆ. ಫೋನಿನ ಬೆನ್ನ ಮೇಲಿನ ಸೇಬನ್ನು ಕಚ್ಚಿದ್ದು, ಯಾರೂ ಅದನ್ನು ಚೆರಿ ಎಂದುಕೊಳ್ಳದಿರಲೆಂದಂತೆ. ಈಗ ಹಲ್ಲುಜ್ಜುವ ಮೊದಲು ಪೇಸ್ಟಿನ ಟ್ಯೂಬನ್ನು ತಲೆಕೆಳಗು ಮಾಡುತ್ತೇನೆ. ಬಿಸ್ಕತ್ತಿನ ಪೊಟ್ಟಣವನ್ನು ಬಿಸಿಲಿಗೆ ಹಿಡಿಯುತ್ತೇನೆ. ಗಿರಾಕಿ ಚಾದರಿನ ದರ ಕೇಳಿದರೆ ನಾನು ಅವನ ಅಂಗಿಜೇಬಿನ ಗುರುತನ್ನೇ ದಿಟ್ಟಿಸುತ್ತಿರುತ್ತೇನೆ. ಇಬ್ಬರು ಹಾಗೇ ಎದ್ದು ಹೋದರು.

ನಮ್ಮಪ್ಪನ ಕಾಲದಲ್ಲಿ ಲೋಗೋ ಎಂಬ ಮಾತಿರಲಿಲ್ಲ, ಛಾಪು ಇತ್ತು. ಅಕ್ಷರ ಬಾರದವರಿಗಾಗಿಯೇ ಹುಟ್ಟಿದ ಚಿತ್ರ ಅದು. ‘ಆನಿ ಛಾಪಿಂದು ಕೊಡ್ರಿ’ ಎಂದು ಕೇಳಿ ಒಯ್ಯುತ್ತಿದ್ದರು. ಆನೆಯ ಹೊಟ್ಟೆಯಲ್ಲಿ ಬೇರೇನೂ ಅಡಗಿರುತ್ತಿರಲಿಲ್ಲ. ಈಗಿನ ಕಂಪನಿಗಳು ಓದಿದವರ ನಿದ್ದೆಯನ್ನೂ ಕೆಡಿಸುತ್ತವೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನಮ್ಮವ್ವನ ಕಾಲದಿಂದ ಮನೆಯಲ್ಲಿ ಮಾಡಿಕೊಂಡು ಬಂದ ಶೇಂಗಾ ಚಟ್ನಿಯನ್ನು ಡಬ್ಬಿಯಲ್ಲಿ ತುಂಬಿ ಮಾರಲು ಪಲ್ಲವಿ ಹೊರಟಳು. ತಾನೇ ಛಾಪನ್ನೂ ಬರೆದಳು: ದುಂಡನೆಯ ಭರಣಿ, ಅದರ ನೆತ್ತಿಯ ಮೇಲೆ ಬಲಕ್ಕೆ ವಾಲಿದ ದುಂಡು ಮುಚ್ಚಳ, ಕೆಳಗೆ ಮರಾಠಿಯಲ್ಲಿ ಹೆಸರು. ಅವ್ವ ಪೇಟೆಯಲ್ಲಿ ಮರಾಠಿ ಆಡಿದವಳೇ, ಆದರೆ ಚಟ್ನಿ ಕುಟ್ಟುತ್ತ ನಮ್ಮನ್ನು ಬೈದದ್ದೆಲ್ಲ ಕನ್ನಡದಲ್ಲಿ. ಡಬ್ಬಿಯ ಮೇಲೆ ಒಂದಾದರೂ ಕನ್ನಡ ಅಕ್ಷರ ಇರಲಿ ಎಂದು ಕೇಳಿಕೊಂಡೆ.

“ಬ್ಯಾಡ್ರಿ ಮಾಮಾ. ಕನ್ನಡ ಯಾರ ಓದತಾರ್ರಿ? ನನಗಽ ಬರಂಗಿಲ್ರಿ,” ಎಂದಳು.

ಗಡಿಯೂರು ದುಧನಿಯ ಹುಡುಗಿ, ಮನೆಯಲ್ಲಿ ಆಡಿದ್ದು ಕನ್ನಡ, ಸಾಲಿಯಲ್ಲಿ ಕಲಿತದ್ದು ಮರಾಠಿ. ಅವಳ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಛಾಪಿನ ಕಾಗದವನ್ನು ಅಕ್ಕಲಕೋಟೆಯ ಪರಿಚಯದ ಪ್ರೆಸ್ಸಿಗೆ ಮುಟ್ಟಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತೆ. ಕುಂಭಾರಿ ಬರುವಷ್ಟರಲ್ಲಿ ಕೈ ಸುಮ್ಮನಿರಲಿಲ್ಲ. ಕಾಗದ ಬಿಚ್ಚಿ, ಕಾಯಿಲೆಯ ರೂಢಿಯಂತೆ ಕಣ್ಣು ಕಿರಿದು ಮಾಡಿ ನೋಡಿದೆ. ಭರಣಿ, ವಾಲಿದ ಮುಚ್ಚಳ... ಅಲ್ಲ, ಅದು ‘ರಿ’! ಅಚ್ಚ ಕನ್ನಡದ ‘ರಿ’. ಬರ್ರಿ, ಕುಂದರ್ರಿ ಎನ್ನುವಾಗ ನಾವು ಮಾತಿನ ತುದಿಗೆ ಮರ್ಯಾದೆಗೆಂದು ಹಚ್ಚುವ ‘ರಿ’. ಖುಷಿ ತಡೆಯಲಾರದೆ ಪಕ್ಕದವರ ತೊಡೆ ತಟ್ಟಿಬಿಟ್ಟೆ. ಅವರು ಸರಿದು ಕೂತರು.

ಪ್ರೆಸ್ಸಿನವರು ಕಾಗದವನ್ನು ಮೇಜಿನ ಮೇಲೆ ಹರವಿ, “ಮುಚ್ಚಳಾ ವಾಕಡಾ ಆಗ್ಯದಲ್ರಿ, ನೆಟ್ಟಗ ಮಾಡ್ಲೇನು?” ಎಂದರು.

ಕಾಗದದ ಮೇಲೆ ಅಂಗೈ ಅಡ್ಡ ಇಟ್ಟೆ. ನೆಟ್ಟಗಾದರೆ ಅದು ಬರೀ ಭರಣಿ. ಬೇಡವೇ ಬೇಡ ಎನ್ನಬಹುದಿತ್ತು, ಆದರೆ ಛಾಪು ಅವಳದು, ನನ್ನದಲ್ಲ. ಅಳುಕುತ್ತಲೇ ಪಲ್ಲವಿಗೆ ಫೋನ್ ಹಚ್ಚಿ ಕೇಳಿದೆ.

“ಅಯ್ಯ, ಮಾಡಬ್ಯಾಡಂತ ಹೇಳ್ರಿ! ಬೇಕಂತನಽ ವಾಕಡಾ ತಗದೀನ್ರಿ. ಮಂದಿ ಮನಿಗೆ ಬಂದ್ರ ಡಬ್ಬಿ ಮುಚ್ಚಳಾ ಸರಿಸಿ ಮುಂದ ಇಡ್ತೀವಲ್ರಿ, ಬರ್ರಿ, ತಿನ್ರಿ ಅಂತ? ಹಂಗ ಕಾಣ್ಲಿ ಅಂತ.”

ಅಕ್ಷರದ ಗುಟ್ಟು ಹೇಳದೆಯೇ ಫೋನ್ ಇಟ್ಟೆ. ಅರ್ಥವನ್ನು ಅವಳೇ ಹೇಳಿಯಾಗಿತ್ತು. ಅದಕ್ಕೊಂದು ಅಕ್ಷರವಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಎಂದಾದರೂ ಅವಳ ಕಣ್ಣಿಗೇ ಬೀಳಲಿ, ಬಸ್ಸಿನಲ್ಲಿ ನನ್ನ ಕಣ್ಣಿಗೆ ಬಿದ್ದ ಹಾಗೆ.

ಪ್ರೆಸ್ಸಿನವರತ್ತ ತಿರುಗಿ, “ವಾಕಡಾನಽ ಇರ್ಲಿ” ಎಂದೆ. ಆಮೇಲೆ ನೆನಪಾಗಿ, “ರಿ” ಎಂದು ಸೇರಿಸಿದೆ.