ಹಾಡಿದರೆ ಮಾತು ಬರುತ್ತದಂತೆ

ವಿಶ್ವವಿದ್ಯಾಲಯದಲ್ಲಿ ಕುಲಪತಿಯಿಂದ ಹಿಡಿದು ಮೆಟ್ಟಿಲು ಒರೆಸುವವಳವರೆಗೆ ಎಲ್ಲರೂ ಅವಳನ್ನು ಸುದ್ದಿಯಮ್ಮ ಅಂತಲೇ ಕರೆಯುತ್ತಿದ್ದರು. ಎರಡನೇ ಮಹಡಿಯ ತುದಿಯಲ್ಲಿ, ನೀರಿನ ಪಂಪಿನ ಪಕ್ಕದಲ್ಲಿ ಅವಳ ಕೋಣೆ. ಪಂಪು ಶುರುವಾದರೆ ಮೇಜಿನ ಮೇಲಿನ ಪೆನ್ನುಗಳು ತಾವಾಗಿಯೇ ಅಂಚಿಗೆ ನಡೆದು ಹೋಗುತ್ತಿದ್ದವು. ಅಲ್ಲಿ ಕೂತು ಅವಳು ಪ್ರಾಧ್ಯಾಪಕರ ಸಂಶೋಧನಾ ಪ್ರಬಂಧಗಳನ್ನು ಓದಿ, ಓದುಬರಹ ಬಲ್ಲ ಯಾರಿಗಾದರೂ ಅರ್ಥವಾಗುವ ಹಾಗೆ ಒಂದು ಪುಟಕ್ಕೆ ಇಳಿಸುತ್ತಿದ್ದಳು. ಆ ಪುಟ ಪತ್ರಿಕೆಗಳಿಗೆ ಹೋಗುತ್ತಿತ್ತು.

ಒಂದು ದಿನ ಜೀವಶಾಸ್ತ್ರದವರ ಬಾವಲಿ. ಮಾರನೇ ದಿನ ಇತಿಹಾಸದವರ ಹಳೇ ಬಂದರು, ಅಲ್ಲಿ ಹಡಗಿಳಿದ ಹೆಂಗಸರು ಏನು ಕೆಲಸ ಹಿಡಿದರು ಅಂತ. ಅದರ ಮಾರನೇ ದಿನ ಸಮಾಜಶಾಸ್ತ್ರ. ಲಿಫ್ಟಿನಲ್ಲಿ ಜನ ಯಾಕೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ? ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳಿಗೆ ಇದೆಲ್ಲ ಹಬ್ಬದ ಹಾಗಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಂಜೆ ಕೈಯ ಗ್ರೀಸು ತೊಳೆಯುತ್ತಾ ಕೇಳುತ್ತಿದ್ದ:

"ಏನು ಕಂಡುಹಿಡಿದ್ರು ಇವತ್ತು ನಿಮ್ಮೋರು?"

"ಬೇಜಾರಾದ ಮೀನು ನಿಧಾನಕ್ಕೆ ಈಜುತ್ತಂತೆ."

"ಇದಕ್ಕೆ ಅಷ್ಟು ಓದಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

ಇಬ್ಬರೂ ನಗುತ್ತಿದ್ದರು. ಬರಬರುತ್ತಾ ಅವನು ಕೇಳುವುದು ನಿಂತಿತು, ಅವಳು ಹೇಳುವುದೂ ನಿಂತಿತು. ಜಗಳವೇನಿಲ್ಲ. ಮನೆಗೆ ಬರುವಷ್ಟರಲ್ಲಿ ಅವಳಿಗೆ ಬಾಯಿ ತೆರೆಯಲೂ ಮನಸ್ಸಿರುತ್ತಿರಲಿಲ್ಲ, ಅಷ್ಟೆ.

ದಣಿವು ಓದಿನಿಂದ ಬಂದದ್ದಲ್ಲ. ಪ್ರತಿ ಪ್ರಬಂಧದಲ್ಲೂ 'ಬಹುಶಃ', 'ಕೆಲವರಲ್ಲಿ', 'ಸ್ವಲ್ಪ ಮಟ್ಟಿಗೆ' ಅನ್ನುವ ಪುಟ್ಟ ಪದಗಳಿರುತ್ತವೆ. ಸಂಶೋಧನೆಯ ಅರ್ಧ ಪ್ರಾಣ ಅವುಗಳಲ್ಲೇ. ಅವಳು ಅವನ್ನು ಜೋಪಾನವಾಗಿ ತನ್ನ ಪುಟಕ್ಕೂ ತರುತ್ತಿದ್ದಳು. ಪತ್ರಿಕೆಯವರು ಅನ್ನದಲ್ಲಿ ಕಲ್ಲು ಆರಿಸಿದ ಹಾಗೆ ಅವನ್ನೇ ಆರಿಸಿ ತೆಗೆದು ಬಿಸಾಡುತ್ತಿದ್ದರು. ಅವಳು ದೂರಿದರೆ, ವಿಭಾಗದ ಮುಖ್ಯಸ್ಥ, ಅವಳಿಗಿಂತ ತುಂಬಾ ಚಿಕ್ಕವನು, ಸಮಾಧಾನ ಹೇಳುತ್ತಿದ್ದ: "ಬಹುಶಃ ಅಂದ್ರೆ ಯಾರು ಓದ್ತಾರಮ್ಮ? ಯೂನಿವರ್ಸಿಟಿ ಹೆಸರು ಬಂತಲ್ಲ, ಬಿಡಿ." ಅವಳು ಬಿಡುತ್ತಿದ್ದಳು. ಹೀಗೆ ಬಿಟ್ಟೂ ಬಿಟ್ಟೂ ಅವಳ ತಲೆಕೂದಲು ನರೆಯಿತು.

ಒಂದು ಸಲ ಮಾತಿನ ಚಿಕಿತ್ಸಾ ವಿಭಾಗದಿಂದ ಒಂದು ಪ್ರಬಂಧ ಬಂತು. ಬರೆದವಳು ಕನ್ನಡಕದ ಸಂಶೋಧಕಿ, ಮೃದು ಮಾತಿನವಳು. ಲಕ್ವ ಹೊಡೆದು ಮಾತು ಕಳೆದುಕೊಂಡ ಕೆಲವರಿಗೆ, ದಿನಬಳಕೆಯ ಪುಟ್ಟ ಮಾತುಗಳನ್ನು ರಾಗ ಹಾಕಿ, ಎಡಗೈಯಿಂದ ತಾಳ ತಟ್ಟಿಸುತ್ತಾ ಹೇಳಿಕೊಟ್ಟಿದ್ದಳು. ಅವರಲ್ಲಿ ಕೆಲವರಿಗೆ, ಸ್ವಲ್ಪ ಮಟ್ಟಿಗೆ, ಆ ಮಾತುಗಳು ಮರಳಿ ಬಂದಿದ್ದವು. ಲಕ್ವ ಹೊಡೆದು ವರ್ಷ ತುಂಬುವುದರೊಳಗೆ ಬಂದವರನ್ನು ಮಾತ್ರ ಅವಳು ಸೇರಿಸಿಕೊಂಡಿದ್ದಳು. ಸುದ್ದಿಯಮ್ಮ ಇದನ್ನೆಲ್ಲ ಬಿಡದೆ ಬರೆದು ಕಳಿಸಿದಳು. ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: 'ಹಾಡಿದರೆ ಮಾತು ಬರುತ್ತದೆ!'

ಓದಿ, ಮಡಚಿ, ಪಕ್ಕಕ್ಕಿಟ್ಟು ಮುಂದಿನ ಪ್ರಬಂಧ ಎತ್ತಿಕೊಂಡಳು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು, ತೆಗೆದಿಡಲು ಮರೆತಿದ್ದ. ಅವನ ತೋಳು ಹಿಡಿದು ಬಲಗಾಲು ಎಳೆಯುತ್ತಾ ಒಬ್ಬ ಹೆಂಗಸು ಬಂದಳು.

"ಹಾಡಿನ ಸುದ್ದಿ ಬರೆದಿದ್ದು ನೀವೇನಮ್ಮ?"

"ಹೌದು. ಬನ್ನಿ, ಮೊದಲು ಅವರನ್ನ ಕೂರಿಸಿ."

ಅವನು ದರ್ಜಿ. ಜೊತೆಯಲ್ಲಿದ್ದವಳು ಅವನ ಅಕ್ಕ. ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು, ಗುಂಡಿಗೆ ಕಾಜಾ ಹಾಕುವುದರಿಂದ ಕೋಟು ಹೊಲಿಯುವವರೆಗೆ ಕೆಲಸ ಕಲಿಸಿದವಳೂ ಅವಳೇ. ನಾಲ್ಕು ವರ್ಷದ ಹಿಂದೆ ಇಸ್ತ್ರಿ ಮಾಡುತ್ತಾ ನಿಂತಲ್ಲೇ ಕುಸಿದಿದ್ದಳು. ಬಲಗೈ ಹೋಯಿತು, ಮಾತೂ ಹೋಯಿತು. ಸುದ್ದಿ ಓದಿದ ದಿನದಿಂದ ಅವನು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಸಂಜೆ ಮುಚ್ಚಿದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು ಹಾಡಿಸುತ್ತಿದ್ದ.

"ಆಶ್ಚರ್ಯ ಅಂದ್ರೆ ಹಾಡ್ತಾಳಮ್ಮ! ಜೋಗುಳ, ಹಳೇ ಸಿನಿಮಾ ಹಾಡು, ಒಂದಕ್ಷರ ತಪ್ಪಲ್ಲ. ಹಾಡು ಮುಗೀತಾ, ಅಷ್ಟೇ. ನನ್ನ ಹೆಸರು ಹೇಳೇ ಅಂದ್ರೆ ಆ, ಆ ಅಂತಾಳೆ. ಎಲ್ಲಿ ತಪ್ತಾ ಇದೀನಿ ನಾನು? ಇನ್ನೂ ಎಷ್ಟು ಹಾಡಿಸ್ಬೇಕು? ಈಗೀಗ ಮುನಿಸ್ಕೊಳ್ತಾಳೆ. ಮೊನ್ನೆ ಕೆನ್ನೆಗೇ ಒಂದು ಬಿಟ್ಳು."

ಅಕ್ಕ ಗೋಡೆ ನೋಡುತ್ತಾ ಕೂತಿದ್ದಳು. ಎಣ್ಣೆ ಹಾಕಿ ನೀಟಾಗಿ ಬಾಚಿದ ತಲೆ. ತಮ್ಮನೇ ಬಾಚಿದ್ದಿರಬೇಕು, ಬೈತಲೆ ಚೂರು ಸೊಟ್ಟಗಿತ್ತು.

ಸುದ್ದಿಯಮ್ಮ ಕುರ್ಚಿಯಿಂದ ಎದ್ದಳು. ನಾನು ಹಾಗೆ ಬರೆದಿರಲಿಲ್ಲ, ಪತ್ರಿಕೆಯವರು ಕತ್ತರಿಸಿದರು ಅಂತ ಹೇಳಬಹುದಿತ್ತು. ಹೇಳಿ ಇವನಿಗೇನು ಸಿಗುತ್ತದೆ? "ಬನ್ನಿ, ಆ ಕೆಲಸ ಮಾಡಿದವರ ಹತ್ತಿರಾನೇ ಹೋಗೋಣ," ಅಂದಳು. ಮೂವರೂ ಮೆಟ್ಟಿಲಿಳಿದು ಅಂಗಳ ದಾಟಿ ಮಾತಿನ ವಿಭಾಗಕ್ಕೆ ಹೋಗುವಷ್ಟರಲ್ಲಿ ಅಕ್ಕನಿಗೆ ಏದುಸಿರು ಬಂದಿತ್ತು.

ಸಂಶೋಧಕಿ ಪೆಟ್ಟಿಗೆಗಳಿಗೆ ಸಾಮಾನು ತುಂಬುತ್ತಿದ್ದಳು. ಅಧ್ಯಯನ ಮುಗಿದಿತ್ತು, ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದರು. ದರ್ಜಿಯ ಮಾತನ್ನು ಅವಳು ನಿಂತೇ ಕೇಳಿದಳು. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಗೊತ್ತಿರೋ ಹಾಡು ಮೆದುಳಿನ ಬೇರೆ ಜಾಗದಲ್ಲಿ ಹಾಗೇ ಉಳಿದಿರುತ್ತೆ. ಅದನ್ನ ಎಷ್ಟು ಸಲ ಹಾಡಿಸಿದ್ರೂ ಅದು ಹಾಡೇ. ನಾವು ಮಾಡಿದ್ದು ಬೇರೆ. ಅದೂ ಎಲ್ಲರಿಗೂ ಫಲ ಕೊಡಲಿಲ್ಲ. ನಾಲ್ಕು ವರ್ಷ ಆದೋರನ್ನ ನಾನು ನೋಡೇ ಇಲ್ಲ. ಸುಳ್ಳು ಭರವಸೆ ಕೊಡೋಕೆ ನನ್ನಿಂದ ಆಗಲ್ಲ."

"ಒಂದು ಸಲ ನೋಡಿ ತಾಯಿ. ಇಷ್ಟು ದೂರ ಬಂದಿದೀವಿ," ಅಂದ ದರ್ಜಿ.

ಸಂಶೋಧಕಿ ಸುದ್ದಿಯಮ್ಮನ ಕಡೆ ನೋಡಿದಳು. ಕೋಪವಿರಲಿಲ್ಲ ಆ ನೋಟದಲ್ಲಿ, ಸುಸ್ತಿತ್ತು. ಸುದ್ದಿಯಮ್ಮನದೂ ಅದೇ ಸುಸ್ತು. ಸಂಶೋಧಕಿ ಪೆಟ್ಟಿಗೆ ಸರಿಸಿ ಕುರ್ಚಿ ಎಳೆದಳು.

ಅಕ್ಕನ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಮೆಲ್ಲಗೆ ತಟ್ಟಿಸುತ್ತಾ 'ನೀರು' ಅನ್ನುವುದನ್ನು ಎರಡು ಸ್ವರಕ್ಕೆ ಹೊಂದಿಸಿ ಹಾಡಿದಳು. ಮೊದಲು ತಾನೊಬ್ಬಳೇ, ಆಮೇಲೆ ಇಬ್ಬರೂ ಸೇರಿ, ಆಮೇಲೆ ಅಕ್ಕನೊಬ್ಬಳೇ. ಅಕ್ಕನ ಬಾಯಿಂದ ಬಂದದ್ದು ಬರೀ ಮೂಗಿನ ರಾಗ. 'ಬೇಕು', 'ಬಾ', 'ತಮ್ಮ', ಒಂದೂ ಬರಲಿಲ್ಲ. ದರ್ಜಿ ಕುರ್ಚಿಯ ತುದಿಗೆ ಬಂದು, "ಹೇಳೇ ಅಕ್ಕ, ತಮ್ಮ ಅನ್ನೇ, ಜೋಗುಳ ಹೇಳಲ್ವಾ, ಹಾಗೇ ಅನ್ನು," ಅಂತ ತಾನೂ ಮೇಜು ಕುಟ್ಟತೊಡಗಿದ. ಅಕ್ಕನ ಮುಖ ಕೆಂಪೇರಿತು. ಕೈ ಬಿಡಿಸಿಕೊಂಡು ತಾನಾಗಿಯೇ ಮೇಜಿಗೆ ಎರಡು ಏಟು ಬಿಗಿದಳು. ಅದೇ ಎರಡು ಸ್ವರದಲ್ಲಿ, ಸ್ಪಷ್ಟವಾಗಿ, ಅಂದಳು:

"ಸಾ—ಕು."

ಅಕ್ಕ ತಮ್ಮನ ಕಡೆ ತಿರುಗಿ ಮತ್ತೊಮ್ಮೆ ತಟ್ಟಿ ಹೇಳಿದಳು. "ಸಾಕು."

ದರ್ಜಿ ಮೊದಲು ನಕ್ಕ. ನಗುನಗುತ್ತಲೇ ಅಳತೆ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ. "ಇಷ್ಟು ದಿನದಿಂದ ಇದನ್ನೇ ಹೇಳೋಕೆ ಒದ್ದಾಡ್ತಿದ್ಲು ಅನ್ಸುತ್ತೆ. ನಾನೊಬ್ಬ ಕತ್ತೆ. ಸಾಕು ಕಣೇ, ಸಾಕು. ಇನ್ನು ಹಾಡ್ಸಲ್ಲ."

"ಇದಕ್ಕಿಂತ ಮುಂದೆ ಬರದೇ ಇರಬಹುದು," ಅಂದಳು ಸಂಶೋಧಕಿ, ಇನ್ನೂ ಅಕ್ಕನ ಕೈಯನ್ನೇ ನೋಡುತ್ತಾ. "ದಿನಕ್ಕೆ ಸ್ವಲ್ಪ ಹೊತ್ತು ಮಾಡಿ, ಅವರಿಗೆ ಮನಸ್ಸಿದ್ರೆ ಮಾತ್ರ. ಅವರಿಗೆ ಬೇಕಾದ ಮಾತು ಹೇಳಿಕೊಡಿ, ನಿಮಗೆ ಬೇಕಾದ್ದಲ್ಲ."

ಮಾರನೇ ಬೆಳಿಗ್ಗೆ ಸುದ್ದಿಯಮ್ಮ ಹೊಸದಾಗಿ ಒಂದು ಪುಟ ಬರೆದಳು. ಹಾಡಿನಿಂದ ಮಾತು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಮನೆಯವರು ಏನು ಮಾಡಬಾರದು ಅಂತ. ಮುಖ್ಯಸ್ಥ ಓದಿದ. "ಚೆನ್ನಾಗಿದೆ. ಆದ್ರೆ ಇದರಲ್ಲಿ ಸುದ್ದಿ ಎಲ್ಲಿದೆ?" ಅಂದ. ಹಟ ಹಿಡಿದು ಅವನು ಅದನ್ನು ಕಳಿಸುವಂತೆ ಮಾಡಿದಳು. ಯಾವ ಪತ್ರಿಕೆಯೂ ಹಾಕಲಿಲ್ಲ. ಪತ್ರಿಕೆಯೊಂದರ ಉಪಸಂಪಾದಕನಿಗೆ ಫೋನು ಮಾಡಿದರೆ, "ಮೇಡಂ, ಹಾಡಿಂದು ಆಗ್ಲೇ ಹಾಕಿದ್ವಲ್ಲ," ಅಂದ. ಅವಳು ಪುಟವನ್ನು ಸರಕಾರಿ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಕೊಂಡೊಯ್ದಳು. ಅಲ್ಲಿನ ದಾದಿ ಅದನ್ನು ಕಾಯುವ ಬೆಂಚಿನ ಮೇಲಿನ ಗೋಡೆಗೆ ಅಂಟಿಸಿದಳು. ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ.

ಆಸ್ಪತ್ರೆಗೆ ಹೋಗಿ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದಳು. ಅವನು ತುತ್ತು ಎತ್ತದೆ ಕೇಳಿದ. "ಬೇರೆ ವಿಭಾಗ ಕೇಳಿ ನೋಡೇ. ಗ್ರಂಥಾಲಯ, ಇನ್ನೊಂದು," ಅಂದ. ಕೇಳಿದಳು. ನಿಮ್ಮ ಕೆಲಸ ಯಾರಿಗೂ ಬರಲ್ಲ ಅಂತ ಹೊಗಳಿ, ಅಲ್ಲೇ ಕೂರಿಸಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದಳು.

ಆದರೆ ಶನಿವಾರ ಮನೆಗೆ ಹೋಗುವ ದಾರಿಯಲ್ಲಿ ದರ್ಜಿ ಅಂಗಡಿಗೆ ಹೋಗುವುದು ರೂಢಿಯಾಯಿತು. ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ಅಕ್ಕ ಒಂದು ಎತ್ತರದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಅವಳಿಗೆ ಬಂದ ಮಾತುಗಳನ್ನು ಬೆರಳಲ್ಲೇ ಎಣಿಸಬಹುದಿತ್ತು. 'ಬೇಡ', 'ಸೆಕೆ', 'ಉದ್ದ'. ಕೊನೆಯದು ದರ್ಜಿ ಕತ್ತರಿಸುವ ಪ್ಯಾಂಟುಗಳ ಬಗ್ಗೆ. ತಮ್ಮನ ಹೆಸರು ಮಾತ್ರ ಬರಲೇ ಇಲ್ಲ. ಅವನೂ ಮತ್ತೆ ಕೇಳಲಿಲ್ಲ.

ಒಂದು ಶನಿವಾರ ಸುದ್ದಿಯಮ್ಮ ಚೀಲ ಹೆಗಲಿಗೆ ಹಾಕಿಕೊಂಡೇ ಬಾಗಿಲಿಗೆ ಒರಗಿ ನಿಂತಿದ್ದಳು. ಆ ವಾರ ಬಂದ ಪ್ರಬಂಧಗಳೆಲ್ಲ ತಲೆಯಲ್ಲಿ ಕಲಸಿಹೋಗಿದ್ದವು. ಅಕ್ಕ ಅವಳನ್ನು ಕೆಳಗಿಂದ ಮೇಲಕ್ಕೆ ನೋಡಿದಳು. ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಯ ಗಂಟನ್ನು ಎಡಗೈಯಿಂದ ನೆಲಕ್ಕೆ ತಳ್ಳಿದಳು. ಸ್ಟೂಲು ತಟ್ಟಿದಳು.

"ಕೂ—ತ್ಕೋ."

ಹೇಳಿಕೊಟ್ಟಿದ್ದ ಮಾತಲ್ಲ ಅದು. ದರ್ಜಿ ಹೊಲಿಗೆ ನಿಲ್ಲಿಸಿ ತಿರುಗಿ ನೋಡಿದ. ಸುದ್ದಿಯಮ್ಮ ಚೀಲ ಇಳಿಸಿ ಕೂತಳು.