ಲಾಭದ ಪಿನ್ನಿಗೆ ಕಟ್ಟಿದ ಬಟನ್ನು

ಪದ್ಮಕ್ಕನ ಶ್ರುತಿಪೆಟ್ಟಿಗೆ ನಾಬು ಸಡಿಲವಾಗಿ ರಿಪೇರಿಗೆ ಬಂದಿದೆ. ಮುಚ್ಚಳ ಬಿಚ್ಚಿದರೆ ಘಮ್ಮೆಂದು ಕರ್ಪೂರದ ವಾಸನೆ! ಅಂದರೆ ವುಡ್‌ಬ್ರಿಡ್ಜಿನ ಆ ಮನೆಯಲ್ಲಿ ಇದಕ್ಕೂ ದಿನಾ ಮಂಗಳಾರತಿ. ನೀವೇ ಹೇಳಿ, ನಾನು ಬೆಸುಗೆ ಹಾಕಿದ ಡಬ್ಬಕ್ಕೆ ಮಂಗಳಾರತಿ! ಬೇಸ್‌ಮೆಂಟಿನಲ್ಲಿ ಒಬ್ಬಳೇ ಕೂತು ಕಿಸಕ್ಕನೆ ನಕ್ಕೆ.

ಪದ್ಮಕ್ಕ ಬಂಧುವಲ್ಲ, ಈ ಪರದೇಶದಲ್ಲಿ ಸಿಕ್ಕ ನಮ್ಮ ಮೈಸೂರಿನವರು. ಅವರು ಹಾಡಿದರೆ ಒಲೆಯ ಮೇಲಿನ ಹಾಲು ಮರೆತುಹೋಗುತ್ತದೆ. ನಾನು ಹಾಡಿದರೆ ಹಾಲು ಒಡೆಯುತ್ತದೆ, ಆ ಮಾತು ಬೇರೆ. ಅವರಿಗೆ ಶ್ರುತಿ ಕೊಡುತ್ತಿದ್ದದ್ದು ಅಳಿಯನ ಫೋನು. ಒಂದು ದೀಪಾವಳಿಗೆ ಅವರು ಕಣ್ಣು ಮುಚ್ಚಿ ಆಲಾಪನೆಯಲ್ಲಿದ್ದಾಗ ಫೋನು ರಿಂಗಾಯಿತು. ಗಾಬರಿಯಲ್ಲಿ ಅಳಿಯ ಏನನ್ನೋ ಒತ್ತಿದ. ಸಭೆಯ ಸ್ಪೀಕರಿನಲ್ಲಿ ಗಂಡಸಿನ ದನಿ: "ಹಲೋ, ಯುವರ್ ಪಿಜ್ಜಾ ಈಸ್ ಹಿಯರ್!"

ಪದ್ಮಕ್ಕ ಮೈಕು ಕೆಳಗಿಟ್ಟರು. "ಇನ್ಮೇಲೆ ಸಭೇಲಿ ಹಾಡಲ್ಲ ಕಣೇ. ಫೋನ್ ಒತ್ತಕ್ಕೆ ನನ್ನ ಬೆರಳು ಬಗ್ಗಲ್ಲ, ಅಳಿಯನ್ನ ನಂಬಕ್ಕಾಗಲ್ಲ."

ಅಂಥ ಕಂಠ ಮೂಲೆ ಸೇರುವುದೇ? ನನ್ನಿಂದ ತಡೆಯಲಾಗಲಿಲ್ಲ. "ಶುರು ಮಾಡಕ್ಕೂ ನಿಲ್ಲಿಸಕ್ಕೂ ಒಂದೇ ದೊಡ್ಡ ಬಟನ್ನು, ವಾಲ್ಯೂಮಿಗೆ ದಪ್ಪ ನಾಬು. ನಾನ್ ಮಾಡ್ಕೊಡ್ತೀನಿ. ಯುಗಾದಿಗೆ ನೀವು ಹಾಡ್ಲೇಬೇಕು," ಅಂದೆ.

ಇಂಥ ಪೆಟ್ಟಿಗೆಯೊಳಗೆ ಪುಟ್ಟದೊಂದು ಬೋರ್ಡು, ಅದರ ಅಂಚಿಗೆ ಸೊನ್ನೆಯಿಂದ ಶುರುವಾಗುವ ಪಿನ್ನುಗಳು. ಯಾವ ಬಟನ್ನು ಯಾವ ಪಿನ್ನಿಗೆ ಎಂದು ಹಂಚುವುದು ಮದುವೆಯೂಟದ ಪಂಕ್ತಿ ಕೂರಿಸಿದಂತೆ. ಬೀಗರನ್ನು ಎಲ್ಲೆಂದರಲ್ಲಿ ಕೂರಿಸುವ ಹಾಗಿಲ್ಲ. ಆ ದೊಡ್ಡ ಬಟನ್ನನ್ನು ಎರಡನೇ ಪಿನ್ನಿಗೆ ಕಟ್ಟೋಣವೆಂದಿದ್ದೆ. ಪದ್ಮಕ್ಕ ಬಿಟ್ಟಾರೆಯೇ? ಅಕ್ಕಿ ಅಳೆಯುವಾಗಲೂ ಮೊದಲ ಪಾವಿಗೆ 'ಒಂದು' ಎನ್ನದೆ 'ಲಾಭ' ಎಂದೇ ಎಣಿಸುವವರು.

"ಮೊದಲ್ನೇ ಬಟನ್ನು, ಲಾಭಕ್ಕೇ ಕಟ್ಟು!"

"ಅಕ್ಕಾ, ಒಂದನೇ ಪಿನ್ನು ಬೋರ್ಡು ಲ್ಯಾಪ್‌ಟಾಪ್ ಜೊತೆ ಮಾತಾಡಕ್ಕೆ ಇರೋದು."

"ನಾನು ಹಾಡ್ತಿದ್ರೆ ಅದ್ಯಾಕೆ ಮಾತಾಡತ್ತೆ? ಕಟ್ಟೇ ಸುಮ್ನೆ."

ಬರ್ಲಿಂಗ್ಟನ್ನಿನ ಆಫೀಸಿನಲ್ಲಿ ಎಲ್ಲರ ತಲೆ ತಿನ್ನುವ ಎಂಜಿನಿಯರು ನಾನು, ತೆಪ್ಪಗೆ ಲಾಭಕ್ಕೇ ಕಟ್ಟಿದೆ. ಬಟನ್ ಒತ್ತಿದೆ, ಝೇಂಕಾರ ಎದ್ದಿತು. ನಾಬು ತಿರುಗಿಸಿ ನೋಡುವಷ್ಟು ತಾಳ್ಮೆ ಯಾರಿಗಿತ್ತು? ಕುಣಿದಾಡಿಕೊಂಡು ಹೋಗಿ ಕೊಟ್ಟುಬಂದೆ.

ಥಾರ್ನ್‌ಹಿಲ್ಲಿನ ಯುಗಾದಿ ಸಭೆ. ಪಲ್ಲವಿ ಮುಗಿಯಿತು. ಸದ್ದು ತುಸು ಏರಲೆಂದು ಪದ್ಮಕ್ಕ ನಾಬು ತಿರುಗಿಸಿದರು. ಶ್ರುತಿ ಗಪ್‌ಚಿಪ್!

ತಕ್ಷಣ ನನಗೆ ಹೊಳೆಯಿತು. ನಾಬು ಅಲುಗಿದಾಗೆಲ್ಲ ಲ್ಯಾಪ್‌ಟಾಪಿಗೆ ವರದಿ ಒಪ್ಪಿಸುವ ಪ್ರೋಗ್ರಾಮಿನ ಸಾಲೊಂದನ್ನು, ಪರೀಕ್ಷೆಗೆಂದು ಬರೆದದ್ದನ್ನು, ಅಳಿಸಲು ಮರೆತಿದ್ದೆ. ವರದಿ ಹೋಗುವುದು ಅದೇ ಲಾಭದ ಪಿನ್ನಿನಲ್ಲಿ. ಪೆಟ್ಟಿಗೆ ತನ್ನ ಹರಟೆಯನ್ನೇ ಪದ್ಮಕ್ಕನ ಬೆರಳೆಂದು ತಿಳಿದು ಬಾಯಿ ಮುಚ್ಚಿತ್ತು. ಅಯ್ಯೋ ದೇವರೇ, ಇವತ್ತು ಮೈಕು ಕೆಳಗಿಟ್ಟರೆ ಮತ್ತೆ ಎತ್ತುವುದಿಲ್ಲ!

ಮೈಕು ಅಲ್ಲಾಡಲಿಲ್ಲ. ಒಮ್ಮೆ ನನ್ನತ್ತ ನೋಡಿದರು, ಕಣ್ಣು ಮುಚ್ಚಿದರು, ಶ್ರುತಿಯಿಲ್ಲದೆಯೇ ಚರಣ ಹಾಡಿದರು. ಕೊನೆಯ ಷಡ್ಜದಲ್ಲಿ ನಿಂತು, ದನಿ ಕಡಿಯದೆ, ಬಟನ್ ಒತ್ತಿದರು. ಝೇಂಕಾರ ಎದ್ದು ಅವರ ದನಿಯೊಳಗೇ ಸೇರಿಕೊಂಡಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಸಭೆಯೆಲ್ಲ ಎದ್ದು ನಿಂತಿತು. ನಾನಂತೂ ಕುರ್ಚಿ ಹತ್ತಿ ಸಿಳ್ಳೆ ಹೊಡೆದೆ.

"ನಮ್ಮ ಹುಡುಗಿ ಮಾಡಿದ್ದು," ಎಂದರು ಮೈಕಿನಲ್ಲೇ. "ಶ್ರುತಿ ತಪ್ಪಲ್ಲ. ಮಧ್ಯೆ ಕಾಫಿಗೆ ಹೋಗ್ಬರತ್ತೆ, ಅಷ್ಟೇ!"

ಮರುದಿನವೇ ಆ ಹರಟೆಯ ಸಾಲನ್ನು ಅಳಿಸಿದೆ. ಅಂದಿನಿಂದ ಅವರು ಹಾಡದ ಹಬ್ಬವಿಲ್ಲ.

ಈಗ ಹೊಸ ನಾಬು ಕೂತಿದೆ. ಬಟನ್ನಿನ ತಂತಿಯನ್ನು ಎರಡನೇ ಪಿನ್ನಿಗೆ ಸರಿಸಿದರೂ ಯಾರಿಗೂ ಗೊತ್ತಾಗದು. "ಲಾಭ, ಎರಡು, ಮೂರು" ಎಂದು ಪಿನ್ನುಗಳನ್ನು ಗಟ್ಟಿಯಾಗಿ ಎಣಿಸಿ, ಹಾಗೇ ಮುಚ್ಚಳ ಹಾಕಿದೆ. ಬಟನ್ ಒತ್ತಿ ನಾಬನ್ನು ಕೊನೆಯವರೆಗೂ ತಿರುಗಿಸಿದೆ. ಬೇಸ್‌ಮೆಂಟೆಲ್ಲ ಶ್ರುತಿ. ಅದೇನು ತಿಕ್ಕಲು ಹಿಡಿಯಿತೋ, ಕಣ್ಣು ಮುಚ್ಚಿ "ಸಾ..." ಎಂದು ಬಾಯಿಬಿಟ್ಟೆ.

ಮೇಲಿನಿಂದ ಮಗಳ ಕೂಗು: "ಅಮ್ಮಾ! ಆರ್ ಯೂ ಓಕೆ?"

ಪೆಟ್ಟಿಗೆ ನಿಲ್ಲಲಿಲ್ಲ. ನಾನೂ ನಿಲ್ಲಿಸಲಿಲ್ಲ.